ಮೆಟಲ್ ಪ್ರಿಂಟ್ ಆಗ್ತಿರುವಾಗ್ಲೇ ಒಳಗಿನ ಡಿಫೆಕ್ಟ್ ಹಿಡಿಯೋದು: ರೋಬಾಟ್ ಇನ್‌ಸ್ಪೆಕ್ಷನ್ ಸೆಟ್ ಮಾಡೋದು ಹೇಗೆ

ವೆಲ್ಡಿಂಗ್ ಆರ್ಕ್‌ನಲ್ಲಿ ವೈರ್ ಕರಗಿಸಿ ಲೇಯರ್ ಮೇಲೆ ಲೇಯರ್ ಕೂರಿಸ್ತಾ ಹೋಗೋ ಮೆಟಲ್ ಪ್ರಿಂಟಿಂಗ್ ಇದ್ಯಲ್ಲ, ವಾಮ್ ಅಂತ ಕರೀತಾರೆ, ಅದರಲ್ಲಿ ಎಲ್ಲರಿಗೂ ಹೊಟ್ಟೆ ಉರಿಸೋ ವಿಷಯ ಒಂದೇ. ಪಾರ್ಟ್ ಪೂರ್ತಿ ಮುಗಿದು ಎಕ್ಸ್‌ರೇಗೆ ಹಾಕಿದ ಮೇಲೆ, ಎಲ್ಲೋ ಕೆಳಗಿನ ಎಂಟನೇ ಲೇಯರ್‌ನಲ್ಲಿ ಬೆಸೆಯದೇ ಉಳಿದ ಜಾಗ ಕಾಣಿಸತ್ತೆ, ಅಷ್ಟೊತ್ತಿಗೆ ಅದರ ಮೇಲೆ ನೂರು ಲೇಯರ್ ಕೂತಿರತ್ತೆ, ಇಡೀ ಪಾರ್ಟ್ ಸ್ಕ್ರ್ಯಾಪ್. ಅದೇ ಡಿಫೆಕ್ಟು ಒಂಬತ್ತನೇ ಲೇಯರ್ ಹಾಕೋ ಹೊತ್ತಿಗೆ ಸಿಕ್ಕಿದ್ರೆ ಮೇಲಿಂದ ಸ್ವಲ್ಪ ಕೊರೆದು ತೆಗೆದು ಮತ್ತೆ ತುಂಬಿಸಿ ಮುಂದೆ ಹೋಗಬಹುದಿತ್ತು. ಹಾಗಾಗಿ ರೋಬಾಟ್ ಕೈಗೆ ಪ್ರೋಬ್ (ಲೋಹದ ಒಳಗೆ ನೋಡೋ ಟೆಸ್ಟಿಂಗ್ ಸಾಧನ) ಕೊಟ್ಟು ಮಧ್ಯೆ ಮಧ್ಯೆ ನೋಡಿಸೋದು ದುಬಾರಿ ಶೋಕಿ ಅಂತ ಅಂದ್ಕೋಬೇಡಿ, ದೊಡ್ಡ ಪಾರ್ಟ್ ಮಾಡೋರಿಗೆ ಅದು ಬೇಕೇ ಬೇಕು.

ಪೌಡರ್ ಬೆಡ್ ಮಶೀನ್, ಅಂದ್ರೆ ಲೋಹದ ಪುಡಿ ಹರಡಿ ಲೇಯರ್ ಲೇಯರ್ ಆಗಿ ಕರಗಿಸೋ ಮಶೀನ್ ಇರೋರಿಗೆ ಇದು ಅಷ್ಟಾಗಿ ಹೊಂದಲ್ಲ. ಅಲ್ಲಿ ಲೇಯರ್ ದಪ್ಪ 30ರಿಂದ 60 ಮೈಕ್ರಾನ್ ಅಷ್ಟೇ, ಮುಚ್ಚಿದ ಚೇಂಬರ್ ಒಳಗೆ ರೋಬಾಟ್ ತೂರಿಸೋಕೂ ಆಗಲ್ಲ, ಕ್ಯಾಮೆರಾ ಮತ್ತೆ ಮೆಲ್ಟ್ ಪೂಲ್ (ಕರಗಿದ ಲೋಹ ನಿಂತಿರೋ ಜಾಗ) ನೋಡೋ ಸೆನ್ಸರ್ ಮೇಲೇ ನಂಬಿಕೆ ಇಡಬೇಕು. ನಾನು ಇಲ್ಲಿ ಹೇಳ್ತಿರೋದು ಲೇಯರ್ 1ರಿಂದ 3 ಮಿಲಿಮೀಟರ್ ದಪ್ಪ ಇರೋ, ಮುಚ್ಚಿದ ಚೇಂಬರ್ ಇಲ್ಲದೆ ನಡೆಯೋ ವಾಮ್ ಥರದ ಕೆಲಸಕ್ಕೆ.

ಮೊದಲು ಟೈಮ್ ಎಲ್ಲಿಂದ ಬರತ್ತೆ ಅಂತ ನೋಡಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ, ಪ್ರತಿ ಲೇಯರ್‌ಗೂ ಸ್ಕ್ಯಾನ್ ಮಾಡ್ತಾ ಕೂತ್ರೆ ಪಾರ್ಟ್ ಮುಗಿಯೋದು ಯಾವಾಗ ಅಂತ. ಆದ್ರೆ ಒಂದು ಲೇಯರ್ ಹಾಕಿ ಇನ್ನೊಂದು ಹಾಕೋ ಮುಂಚೆ ಲೋಹ ಗೊತ್ತು ಮಾಡಿದ ಇಂಟರ್‌ಪಾಸ್ ಟೆಂಪರೇಚರ್‌ಗೆ ಇಳೀಲಿ ಅಂತ ಹೇಗೂ ಕಾಯ್ತೀರಲ್ಲ, ಸ್ಕ್ಯಾನ್ ಅದೇ ಸಮಯದಲ್ಲಿ ಕೂರಬೇಕು. ಒಂದೇ ರೋಬಾಟ್ ಇದ್ರೆ ಟೂಲ್ ಚೇಂಜರ್ ಹಾಕಿ ವೆಲ್ಡಿಂಗ್ ಟಾರ್ಚ್ ಇಳಿಸಿ ಪ್ರೋಬ್ ಎತ್ಕೊಳ್ಳಲಿ, ಎರಡು ಇದ್ರೆ ಇನ್ನೂ ಒಳ್ಳೇದು, ಒಂದು ಪಕ್ಕಕ್ಕೆ ಸರಿದ ತಕ್ಷಣ ಇನ್ನೊಂದು ಒಳಗೆ ಬರತ್ತೆ. ಕಾಯೋ ಹೊತ್ತಿಗಿಂತ ಸ್ಕ್ಯಾನ್ ಉದ್ದ ಆದ್ರೆ ಎಲ್ಲಾ ಕಡೆ ನೋಡೋ ಹಠ ಬಿಡಿ. ಆರ್ಕ್ ಶುರು ಆಗೋ ಜಾಗ, ನಿಲ್ಲೋ ಜಾಗ, ಮೂಲೆ, ಎರಡು ಗೋಡೆ ಸೇರೋ ಕಡೆ, ಡಿಫೆಕ್ಟ್ ಹೆಚ್ಚಾಗಿ ಹುಟ್ಟೋದು ಅಲ್ಲೇ. ಜೊತೆಗೆ ವೆಲ್ಡಿಂಗ್ ನಡೀತಿರುವಾಗ ಕರೆಂಟ್, ವೋಲ್ಟೇಜ್, ವೈರ್ ಫೀಡ್ ರೆಕಾರ್ಡ್ ಮಾಡ್ಕೊಳ್ಳಿ, ಸಿಗ್ನಲ್ ಎಲ್ಲಿ ಕುಣಿದಿದೆಯೋ ಆ ಜಾಗಾನ ಸ್ಕ್ಯಾನ್ ಪಟ್ಟಿಗೆ ತಾನಾಗೇ ಸೇರಿಸೋ ಹಾಗೆ ಮಾಡಿ.

ಈಗ ಸೆನ್ಸರ್. ಒಂದೇ ಸೆನ್ಸರ್ ಎಲ್ಲಾನೂ ಹಿಡಿಯತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮೇಲ್ಮೈ ಎತ್ತರ ತಗ್ಗು ನೋಡೋಕೆ ಲೇಸರ್ ಪ್ರೊಫೈಲರ್ ಬೇಕು, ಅದರಲ್ಲೂ ನೀಲಿ ಲೇಸರ್ ತಗೊಳ್ಳಿ, ಬಿಸಿ ಲೋಹ ಹೊಳೆಯೋದು ಕೆಂಪು ಕಡೆ ಜಾಸ್ತಿ ಇರೋದ್ರಿಂದ ಕೆಂಪು ಲೇಸರ್ ಗೆರೆ ಅದರಲ್ಲಿ ಮುಳುಗಿ ಹೋಗತ್ತೆ. ಮೇಲಿನ ಲೇಯರ್‌ನ ಬಿರುಕು, ಗುಳ್ಳೆಗೆ ಎಡ್ಡಿ ಕರೆಂಟ್ (ಕಾಯಿಲ್‌ನಿಂದ ಲೋಹದೊಳಗೆ ಸುಳಿ ಕರೆಂಟ್ ಎಬ್ಬಿಸಿ ನೋಡೋ ಟೆಸ್ಟ್) ಚೆನ್ನಾಗಿ ಕೆಲಸ ಮಾಡತ್ತೆ, ಆದ್ರೆ ಎಷ್ಟು ಆಳ ಹೋಗತ್ತೆ ಅನ್ನೋದು ಲೋಹದ ಮೇಲೆ ನಿಂತಿದೆ. 100 ಕಿಲೋಹರ್ಟ್ಜ್‌ನಲ್ಲಿ ಟೈಟಾನಿಯಂ 6-4 ಮಿಶ್ರಲೋಹದಲ್ಲಿ ಸುಮಾರು 2 ಮಿಲಿಮೀಟರ್ ಇಳಿಯತ್ತೆ, ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಅದೇ ಫ್ರೀಕ್ವೆನ್ಸಿ 0.3 ಮಿಲಿಮೀಟರ್ ಹತ್ರಕ್ಕೇ ಸುಸ್ತು. ಹಾಗಾಗಿ ಒಂದು ಲೋಹಕ್ಕೆ ಇಟ್ಟ ಸೆಟ್ಟಿಂಗ್ ಇನ್ನೊಂದಕ್ಕೆ ಹಾಗೇ ಕಾಪಿ ಮಾಡಬೇಡಿ.

ಥರ್ಮಲ್ ಕ್ಯಾಮೆರಾ ಬಗ್ಗೆ ಒಂದೇ ಮಾತು: ಹೊಳೆಯೋ ಲೋಹ ಮತ್ತೆ ಆಕ್ಸೈಡ್ ಹಿಡಿದ ಲೋಹ ಒಂದೇ ಬಿಸಿ ಇದ್ರೂ ಕ್ಯಾಮೆರಾಗೆ ಬೇರೆ ಬೇರೆ ಕಾಣತ್ತೆ, ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಬಿಸಿ ಹೊರಸೂಸತ್ತೆ ಅನ್ನೋ ಅಳತೆ) ಸರಿ ಮಾಡದೆ ಆ ನಂಬರ್ ನೋಡಿ ತೀರ್ಮಾನ ತಗೋಬೇಡಿ.

ನಿಜವಾದ ಕಷ್ಟ ಮತ್ತೆ ನಿಜವಾದ ಉಪಯೋಗ ಎರಡೂ ಇರೋದು ಅಲ್ಟ್ರಾಸೌಂಡ್‌ನಲ್ಲಿ, ಯಾಕಂದ್ರೆ ಎರಡು ಮೂರು ಲೇಯರ್ ಕೆಳಗಿನ ಬೆಸೆಯದ ಜಾಗ ತೋರಿಸೋದು ಅದೇ. ಮಾಮೂಲಿ ಟೆಸ್ಟಿಂಗ್‌ನಲ್ಲಿ ಪ್ರೋಬ್‌ಗೂ ಲೋಹಕ್ಕೂ ಮಧ್ಯೆ ಜೆಲ್ ಅಥವಾ ನೀರು ಹಾಕ್ತಾರೆ, ಇಲ್ಲಿ ಅದು ಆಗೋದೇ ಇಲ್ಲ, ಮುಂದಿನ ಲೇಯರ್‌ಗೆ ಕೊಳೆ ಸೇರತ್ತೆ, ಅಲ್ಯೂಮಿನಿಯಂ ಆದ್ರಂತೂ ತೇವದಿಂದ ಹೈಡ್ರೋಜನ್ ಸೇರಿ ನಾವೇ ಗುಳ್ಳೆ ಹುಟ್ಟಿಸಿದ ಹಾಗೆ ಆಗತ್ತೆ. ಸ್ಕಾಟ್ಲೆಂಡ್‌ನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು ಇದಕ್ಕೆ ಒಂದು ರೋಲರ್ ಪ್ರೋಬ್ ಮಾಡಿದ್ದಾರೆ. ಚಕ್ರದ ಒಳಗೆ ಫೇಸ್ಡ್ ಅರೇ (ಸಾಲಾಗಿ ಕೂತ ಪುಟ್ಟ ಅಲ್ಟ್ರಾಸೌಂಡ್ ಸೆನ್ಸರ್‌ಗಳು), ಹೊರಗೆ ಬಿಸಿ ತಡೆಯೋ ಸಿಲಿಕೋನ್ ರಬ್ಬರ್ ಟೈರು, ಜೆಲ್ ಇಲ್ಲದೇ ಒತ್ತಿ ಉರುಳಿಸ್ತಾ ಹೋದ್ರೆ ಆ ಒತ್ತಡದಲ್ಲೇ ಸೌಂಡು ಲೋಹದೊಳಗೆ ದಾಟತ್ತೆ. ಅಲೆಅಲೆಯಾಗಿರೋ ಮೇಲ್ಮೈಗೆ ರಬ್ಬರ್ ಹೊಂದ್ಕೊಳ್ಳತ್ತೆ ಅನ್ನೋದು ಇನ್ನೊಂದು ಲಾಭ. ಆದ್ರೆ ಒತ್ತಡ ಒಂದೇ ಸಮ ಇರ್ಬೇಕು, ಅದಕ್ಕೆ ರೋಬಾಟ್ ಮಣಿಕಟ್ಟಿಗೆ ಫೋರ್ಸ್ ಸೆನ್ಸರ್ ಹಾಕಿ ಒತ್ತಡ ನೋಡ್ಕೊಂಡು ಎತ್ತರ ಸರಿ ಮಾಡೋ ಕಂಟ್ರೋಲ್ ಕೊಡಿ, ಬರೀ ಮೊದಲೇ ಬರೆದಿಟ್ಟ ಪಾತ್‌ನಲ್ಲಿ ಓಡಿಸಿದ್ರೆ ಒಂದು ಕಡೆ ಟೈರು ಜಜ್ಜಿ ಹೋಗತ್ತೆ, ಇನ್ನೊಂದು ಕಡೆ ತಾಗೋದೇ ಇಲ್ಲ, ತಾಗದ ಕಡೆ ಸ್ಕ್ರೀನ್ ಖಾಲಿ ಇರತ್ತೆ, ನೋಡಿದವರು ಡಿಫೆಕ್ಟ್ ಇಲ್ಲ ಅಂದ್ಕೋತಾರೆ. ಇದಕ್ಕೇ ಪ್ರತಿ ಪಾಯಿಂಟ್‌ನಲ್ಲೂ ಟೈರು ಲೋಹ ಸೇರೋ ಕಡೆಯ ಎಕೋ ಜೊತೆಗೆ, ಸಾಧ್ಯ ಇರೋ ಕಡೆ ತಳದಿಂದ ವಾಪಸ್ ಬರೋ ಎಕೋನೂ ಚೆಕ್ ಮಾಡಿಸಿ. ಬರಬೇಕಾದ ತಳದ ಎಕೋ ಬಂದಿಲ್ಲ ಅಂದ್ರೆ ಆ ಜಾಗ "ಸರಿ ಇದೆ" ಅಲ್ಲ, "ನೋಡಿಲ್ಲ" ಅಂತ ಮಾರ್ಕ್ ಆಗ್ಬೇಕು.

5 ಮೆಗಾಹರ್ಟ್ಜ್‌ನಲ್ಲಿ ಸ್ಟೀಲ್ ಒಳಗೆ ಅಲೆಯ ಉದ್ದ ಸುಮಾರು 1.2 ಮಿಲಿಮೀಟರ್, ಅದರ ಅರ್ಧಕ್ಕಿಂತ ಚಿಕ್ಕ ಡಿಫೆಕ್ಟ್ ಸಿಗತ್ತೆ ಅಂತ ಯಾರಿಗೂ ಮಾತು ಕೊಡಬೇಡಿ. ಲೋಹ ಬಿಸಿ ಆದಷ್ಟೂ ಒಳಗೆ ಸೌಂಡಿನ ವೇಗ ಇಳಿಯತ್ತೆ, ರಬ್ಬರ್ ಒಳಗೂ ಬದಲಾಗತ್ತೆ, ಲೆಕ್ಕದಲ್ಲಿ 2% ತಪ್ಪಿದ್ರೂ 20 ಮಿಲಿಮೀಟರ್ ಆಳದಲ್ಲಿ 0.4 ಮಿಲಿಮೀಟರ್ ಆಚೀಚೆ ಆಗತ್ತೆ. ಹಾಗಾಗಿ ತಣ್ಣಗಿರೋ ಬ್ಲಾಕ್ ಮೇಲೆ ಕ್ಯಾಲಿಬ್ರೇಷನ್ ಮಾಡಿ ಬಿಸಿ ಪಾರ್ಟ್ ಮೇಲೆ ಓಡಿಸೋದು ಬೇಡ, ಅದೇ ಲೋಹ, ಅದೇ ಬಿಸಿ, ಅದೇ ಒರಟು ಮೇಲ್ಮೈ ಇರೋ ಪೀಸ್ ಬೇಕು.

ಆ ಪೀಸ್ ಮಾಡೋ ಒಂದು ಉಪಾಯ ನಂಗೆ ತುಂಬಾ ಇಷ್ಟ. ಸಣ್ಣ ಟಂಗ್‌ಸ್ಟನ್ ಟ್ಯೂಬ್ ತಗೊಂಡು ಒಂದು ಲೇಯರ್ ಮೇಲೆ ಮಲಗಿಸಿ ಮೇಲಿಂದ ಪ್ರಿಂಟ್ ಮುಂದುವರಿಸೋದು. ಟಂಗ್‌ಸ್ಟನ್ ಕರಗೋದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸ್ಟೀಲ್ ಕರಗೋದು 1500ರ ಆಸುಪಾಸಲ್ಲಿ, ಹಾಗಾಗಿ ಟ್ಯೂಬ್ ಒಳಗಿನ ಟೊಳ್ಳು ಹಾಗೇ ಉಳ್ಕೊಂಡು ಜಾಗ ಗೊತ್ತಿರೋ, ಸೈಜ್ ಗೊತ್ತಿರೋ ಡಿಫೆಕ್ಟ್ ಆಗತ್ತೆ. ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಸೈಜಿನವು ಹಾಕಿ, ಗೋಡೆಯ ಅಂಚಿಗೆ ಹತ್ತಿರನೂ ಒಂದೆರಡು ಇಡಿ, ಯಾಕಂದ್ರೆ ಅಂಚಿನ ಎಕೋನೇ ಡಿಫೆಕ್ಟ್ ಥರ ಕಾಣೋದು ತುಂಬಾ ಸಾಮಾನ್ಯ. ಇದು ಸೆಟ್ಟಿಂಗ್ ಸರಿ ಇದೆ ಅಂತ ತೋರಿಸೋಕೆ ಸಾಕು. ಆದ್ರೆ ಇಷ್ಟು ಸೈಜಿನ ಡಿಫೆಕ್ಟು ನೂರಕ್ಕೆ ತೊಂಬತ್ತು ಸಲ ಸಿಗತ್ತೆ ಅಂತ ಕಸ್ಟಮರ್‌ಗೆ ಬರೆದುಕೊಡೋದಾದ್ರೆ ಬೇರೆ ಮಟ್ಟದ ಕೆಲಸ, ಅಮೆರಿಕದ ಮಿಲಿಟರಿ ಹ್ಯಾಂಡ್‌ಬುಕ್ 1823ಎ ಪ್ರಕಾರ ಸಿಕ್ತು ಸಿಗಲಿಲ್ಲ ಅನ್ನೋ ಥರದ ಡೇಟಾಗೆ ಕನಿಷ್ಠ 60 ಡಿಫೆಕ್ಟ್, ಸಿಗ್ನಲ್ ಎತ್ತರ ಅಳೆಯೋದಾದ್ರೆ 40 ಬೇಕು.

ಪೊಸಿಷನ್ ಹೊಂದಿಸೋದನ್ನ ಹಗುರವಾಗಿ ತಗೋಬೇಡಿ. ರೋಬಾಟ್ ಹೋದ ಜಾಗಕ್ಕೇ ಮತ್ತೆ ಮತ್ತೆ ಚೆನ್ನಾಗಿ ಹೋಗತ್ತೆ, ಆದ್ರೆ ಹೇಳಿದ ಕೋಆರ್ಡಿನೇಟ್‌ಗೆ ಕರಾರುವಾಕ್ಕಾಗಿ ಹೋಗತ್ತೆ ಅನ್ನೋದು ಬೇರೆ ವಿಷಯ. ಟಾರ್ಚ್ ತುದಿ, ಪ್ರೋಬ್, ಪ್ರೊಫೈಲರ್ ಮೂರಕ್ಕೂ ಒಂದೇ ಬೇಸ್ ಫ್ರೇಮ್ (ಅಳತೆ ಶುರುವಾಗೋ ಮೂಲ) ಇಟ್ಟು, ಬೇಸ್ ಪ್ಲೇಟ್ ಮೇಲೆ ಗಟ್ಟಿಯಾಗಿ ಕೂತಿರೋ ಒಂದು ಗುರುತನ್ನ ಮೂರರಲ್ಲೂ ಮುಟ್ಟಿ ಅಥವಾ ನೋಡಿ ಹೊಂದಿಸಿ. ಪಾರ್ಟ್ ಬಿಸಿಗೆ ಬಾಗ್ತಾ ಇರತ್ತೆ, ಹಾಗಾಗಿ ಕ್ಯಾಡ್ ಮಾಡೆಲ್ ನೋಡಿ ಪಾತ್ ಮಾಡೋದಕ್ಕಿಂತ ಆಗ ತಾನೇ ಪ್ರೊಫೈಲರ್ ತೆಗೆದ ಆಕಾರ ನೋಡಿ ಮಾಡೋದು ವಾಸಿ. ಟೈಮ್‌ಸ್ಟ್ಯಾಂಪ್ ಕೂಡ ನೋಡಿ, ಪ್ರೋಬ್ ಸೆಕೆಂಡಿಗೆ 10 ಮಿಲಿಮೀಟರ್ ಓಡ್ತಾ ಇದ್ದು ಡೇಟಾ 100 ಮಿಲಿಸೆಕೆಂಡ್ ತಡವಾಗಿ ಬಂದ್ರೆ ಡಿಫೆಕ್ಟ್ 1 ಮಿಲಿಮೀಟರ್ ಪಕ್ಕಕ್ಕೆ ಕಾಣತ್ತೆ, ಆಮೇಲೆ ಕೊರೆಯೋವಾಗ ಒಳ್ಳೆ ಲೋಹ ಕೊರೀತೀರಿ.

ಡಿಫೆಕ್ಟ್ ಸಿಕ್ತು, ಈಗ ಏನು? ಇದನ್ನ ಪ್ರಿಂಟ್ ಶುರು ಮಾಡೋಕೆ ಮುಂಚೆನೇ ಬರೆದಿಡಿ, ಪಾರ್ಟ್ ಅರ್ಧ ಆದಾಗ ಸೆಲ್ (ರೋಬಾಟ್ ಕೆಲಸ ಮಾಡೋ ಜಾಗ) ಪಕ್ಕ ನಿಂತು ಚರ್ಚೆ ಮಾಡೋದಲ್ಲ. ಒಂದು ಮುಖ್ಯ ವಿಷಯ ನೆನಪಿರಲಿ: ಮುಂದಿನ ಲೇಯರ್ ಹಾಕಿದಾಗ ಕೆಳಗಿನ ಲೇಯರ್‌ನ ಮೇಲಿನ ಸ್ವಲ್ಪ ಭಾಗ ಮತ್ತೆ ಕರಗತ್ತೆ, ಅಷ್ಟು ಆಳದೊಳಗಿನ ಸಣ್ಣ ಗುಳ್ಳೆ ತಾನೇ ಹೋಗಬಹುದು, ಅದಕ್ಕಿಂತ ಕೆಳಗಿರೋದು ತಾನಾಗಿ ಹೋಗಲ್ಲ. ಹಾಗಾಗಿ ಒಂದು ಟೆಸ್ಟ್ ಗೋಡೆ ಕತ್ತರಿಸಿ ಪಾಲಿಶ್ ಮಾಡಿ, ನಿಮ್ಮ ಸೆಟ್ಟಿಂಗ್‌ನಲ್ಲಿ ಎಷ್ಟು ಆಳ ಕರಗತ್ತೆ ಅಂತ ಅಳೆದಿಟ್ಕೊಳ್ಳಿ. ಆ ಆಳದೊಳಗೆ ಸಣ್ಣದು ಸಿಕ್ಕಿದ್ರೆ ಒಂದು ಲೇಯರ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿ, ಅದರ ಕೆಳಗೆ ಲಿಮಿಟ್ ದಾಟಿದ್ದು ಸಿಕ್ಕಿದ್ರೆ ಅಲ್ಲೇ ನಿಲ್ಲಿಸಿ ಕೊರೀಬೇಕು. ಬಿರುಕು ಸಿಕ್ಕಿದ್ರೆ ಆಳ ಗೀಳ ನೋಡೋ ಮಾತೇ ಇಲ್ಲ, ನಿಲ್ಲಿಸಿ ಕೊರೀಬೇಕು, ಮೇಲೆ ಲೋಹ ಹಾಕಿದ್ರೆ ಒಳಗಿಂದ ಬೆಳೆಯೋ ಸಾಧ್ಯತೆ ಇರತ್ತೆ.

ಕೊರೆಯೋವಾಗ ಗುಂಡಿಯ ಗೋಡೆ ನೆಟ್ಟಗೆ ಇರ್ಬಾರದು, ಮೇಲೆ ಅಗಲ ಕೆಳಗೆ ಕಿರಿದು ಇರೋ ಹಾಗೆ ಇಳಿಜಾರು ಕೊಡಿ, ಇಲ್ಲಾಂದ್ರೆ ಆರ್ಕ್ ಬದಿಗೆ ತಾಗದೆ ರಿಪೇರಿ ಮಾಡಿದ ಜಾಗದಲ್ಲೇ ಹೊಸದಾಗಿ ಬೆಸೆಯದ ಜಾಗ ಹುಟ್ಟತ್ತೆ. ಕೂಲೆಂಟ್ (ತಂಪು ಮಾಡೋ ದ್ರವ) ಹಾಕದೆ ಮಿಲ್ಲಿಂಗ್ ಮಾಡಿ, ಗ್ರೈಂಡಿಂಗ್ ಬೇಡ, ಅದರ ಕಲ್ಲಿನ ಕಣ ಒಳಗೆ ಸಿಕ್ಕಿಹಾಕ್ಕೊಳ್ಳೋ ಭಯ ಇರತ್ತೆ. ಟೈಟಾನಿಯಂ ಪುಡಿ ಬೆಂಕಿ ಹಿಡಿಯೋ ವಸ್ತು, ಅದನ್ನ ಸೆಲ್‌ನಲ್ಲಿ ರಾಶಿ ಬೀಳೋಕೆ ಬಿಡಲೇಬೇಡಿ. ಗುಂಡಿ ಆದ್ಮೇಲೆ ತುಂಬೋಕೆ ಮುಂಚೆ ಎಡ್ಡಿ ಕರೆಂಟ್‌ನಲ್ಲಿ ಒಂದ್ಸಲ, ತುಂಬಿದ ಮೇಲೆ ಅಲ್ಟ್ರಾಸೌಂಡ್‌ನಲ್ಲಿ ಇನ್ನೊಂದ್ಸಲ ನೋಡಿ.

ಪಾರ್ಟ್ ಮುಗಿದ್ಮೇಲೆ ಮೊದಲ ಕೆಲವನ್ನಾದ್ರೂ ಎಕ್ಸ್‌ರೇ ಸಿಟಿ ಸ್ಕ್ಯಾನ್‌ಗೆ ಕಳಿಸಿ, ಸಿಟಿಗೆ ಹಿಡಿಸದಷ್ಟು ದಪ್ಪ ಇದ್ರೆ ಕತ್ತರಿಸಿ ನೋಡಿ, ರೋಬಾಟ್ ಲೇಯರ್‌ವಾರು ಕೊಟ್ಟ ಮ್ಯಾಪ್ ಜೊತೆ ಒಂದೊಂದೇ ಡಿಫೆಕ್ಟ್ ಜೋಡಿಸಿ. ಯಾವುದು ಎರಡರಲ್ಲೂ ಇದೆ, ಯಾವುದು ರೋಬಾಟ್ ಸುಮ್ಮನೆ ಕೂಗಿದ್ದು, ಯಾವುದು ಅದಕ್ಕೆ ಕಾಣಿಸದೇ ತಪ್ಪಿಸ್ಕೊಂಡಿದ್ದು ಅಂತ ಬರೆದಿಡಿ. ಯಾವ ಟೆಸ್ಟ್ ವಿಧಾನದಿಂದ ಯಾವ ಥರದ ಡಿಫೆಕ್ಟ್ ಸಿಗತ್ತೆ ಅನ್ನೋದಕ್ಕೆ ಐಎಸ್‌ಒ, ಎಎಸ್‌ಟಿಎಂ ಅನ್ನೋ ಸ್ಟ್ಯಾಂಡರ್ಡ್ ಸಂಸ್ಥೆಗಳ 2023ರ ಐಎಸ್‌ಒ/ಎಎಸ್‌ಟಿಎಂ 52905 ದಾಖಲೆ ಒಳ್ಳೆ ಆಧಾರ, ಅದನ್ನ ಪಕ್ಕದಲ್ಲಿ ಇಟ್ಕೊಂಡು ಕೂತ್ರೆ ಹೋಲಿಸೋದು ಸುಲಭ. ಅಲಾರಂ ಲಿಮಿಟ್ ಮೇಲೆ ಕೆಳಗೆ ಮಾಡೋದಿದ್ರೆ ಈ ಹೋಲಿಕೆ ಕೈಯಲ್ಲಿ ಇಟ್ಕೊಂಡೇ ಮಾಡಿ, ಅಲಾರಂ ಜಾಸ್ತಿ ಬಂದು ಕೆಲಸ ನಿಲ್ತಾ ಇದೆ ಅನ್ನೋ ಒಂದೇ ಕಾರಣಕ್ಕೆ ಲಿಮಿಟ್ ಸಡಿಲ ಮಾಡಬೇಡಿ.