ಬೆಕ್ಕಿನ ಒಂದು ನಿದ್ದೆಯೊಳಗೆ ಮುಗಿಯುವ ರಿಪೇರಿ

ಆರಿದ್ರಾ ಮಳೆ ಹಿಡಿಯುವವರೆಗೂ ಹಂಚಿನ ಮನೆಯ ದೋಷ ಯಾರಿಗೂ ಕಾಣುವುದಿಲ್ಲ. ಹಿಡಿದ ಮೇಲೆ ಎಲ್ಲ ಒಟ್ಟಿಗೆ: ಅಟ್ಟದ ಮೇಲೆ ತೊಟ್ಟಿಕ್ಕುತ್ತದೆ, ಬಚ್ಚಲ ಗೋಡೆ ಬೆವರುತ್ತದೆ, ಸ್ವಿಚ್ ಮುಟ್ಟಿದರೆ ಚುರ್ ಅನ್ನುತ್ತದೆ. ಜೊತೆಗೆ ಎಲ್ಲದಕ್ಕೂ ಮೂತಿ ತೂರಿಸುವ ಬೆಕ್ಕೊಂದು ಇದ್ದರೆ ಚಿಕ್ಕಮಗಳೂರಿನ ಕಡೆ ಕೆಲಸದವರು ಹೇಳುವುದು ಒಂದೇ ಮಾತು: "ಬೆಕ್ಕನ್ನ ಎಲ್ಲಾದ್ರೂ ಬಿಟ್ಟು ಬನ್ನಿ ಸಾರ್, ಆಮೇಲೆ ನೋಡೋಣ." ಬಿಡಬೇಕಾಗಿಲ್ಲ. ಕೆಲಸವನ್ನು ಬೆಕ್ಕಿನ ನಿದ್ದೆಯ ಅಳತೆಗೆ ತುಂಡು ಮಾಡಿಕೊಂಡರೆ ಸಾಕು. ಒಂದು ನಿದ್ದೆಯಲ್ಲಿ ತೆರೆದ ತೂತು ಅದೇ ನಿದ್ದೆಯಲ್ಲಿ ಮುಚ್ಚಬೇಕು. "ಹಂಗಾದ್ರೆ ಗಾರೆ ಒಣಗೋದು ಯಾವಾಗ?" ಎಂದು ನಕ್ಕವರೇ ಈಗ ಗಾರೆಯ ಬದಲು ನಾನು ಹಾಕುವ ಮುಚ್ಚಳ ಎಷ್ಟು ಇಂಚು, ಸ್ಕ್ರೂ ಯಾವುದು ಎಂದು ಕೇಳುತ್ತಾರೆ.

ಬೆಕ್ಕು ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಹತ್ತು ಹತ್ತೂವರೆಗೆ ಹೊಟ್ಟೆ ತುಂಬಿದರೆ ಎರಡು ತಾಸಿನ ಮೇಲೆ ನಿದ್ದೆ ಖಾತ್ರಿ. ಮಳೆಗಾಲದಲ್ಲಿ ಅರ್ಧ ತಾಸು ಹೆಚ್ಚೇ. ಅದಕ್ಕೆ ಬೆಳಗಿನ ಪಾಲನ್ನು ತಡ ಮಾಡಿ, ಇಪ್ಪತ್ತು ನಿಮಿಷ ಹಗ್ಗದ ಹಿಂದೆ ಓಡಿಸಿ, ಆಮೇಲೆ ಬಡಿಸಬೇಕು. ಕೆಲಸದ ಜಾಗಕ್ಕೆ ಅತಿ ದೂರದ ಕೋಣೆಯಲ್ಲಿ, ಬೆಕ್ಕು ಮಲಗುವ ಹಳೇ ಕಂಬಳಿಯ ಮೇಲೆ. ಉಪಕರಣದ ಚೀಲ ಬಿಚ್ಚುವುದಕ್ಕಿಂತ ಮೊದಲೇ ಕೋಣೆ ಸೇರಿಸಬೇಕು. ಗ್ರೈಂಡರ್ ಸದ್ದು ಕೇಳಿದ ಮೇಲೆ ಹಿಡಿಯಹೋದರೆ ಅಟ್ಟ ಹತ್ತಿ ಕೂತು ಸಂಜೆವರೆಗೆ ಇಳಿಯುವುದಿಲ್ಲ. ಅನ್ನಕ್ಕೆ ಕಲೆಸುವ ಬಂಗುಡೆ ಚೂರಿನ ಜೊತೆ ಇನ್ನೇನು ಸೇರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಔಷಧಿಯಂತೂ ಅಲ್ಲ.

ಮೊದಲು ಬಚ್ಚಲ ಗೋಡೆ. ಗೋಡೆಯೊಳಗಿನ ಸಿಪಿವಿಸಿ ಪೈಪು (ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನದು) ಸೋರಿದರೆ ಹೆಚ್ಚಿನ ಸಲ ತಪ್ಪಿತಸ್ಥ ನಲ್ಲಿ ಕೂರುವ ಹಿತ್ತಾಳೆ ಮರೆಯ (ಥ್ರೆಡ್ಡಿನ) ಎಲ್ಬೋ, ಅಂದರೆ ಪೈಪು ತಿರುಗಿಸುವ ಮೂಲೆ ಜೋಡಣೆ. ನಲ್ಲಿಯನ್ನು ಅತಿಯಾಗಿ ಬಿಗಿದಾಗ ಹಿತ್ತಾಳೆ ಸುತ್ತಲಿನ ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳುತ್ತದೆ, ನೀರು ಕಾಣುವುದು ವರ್ಷದ ಮೇಲೆ. ಆರಿಂಚು ಚದರ ಟೈಲು ತೆಗೆದರೆ ಕೈ ಆಡುವುದಿಲ್ಲ, ಎಂಟಿಂಚು ಬೇಕು. ಮುಕ್ಕಾಲಿಂಚಿನ ಒಂದು ಹಿತ್ತಾಳೆ ಎಲ್ಬೋ, ಒಂದು ಕಪ್ಲರ್, ಅಂಗೈ ಉದ್ದದ ಪೈಪು, ಪೈಪು ಅಂಟಿಸುವ ಚಿಕ್ಕ ಡಬ್ಬಿ ಸಾಲ್ವೆಂಟ್: ಐನೂರರ ಒಳಗೆ. ಹಳೇ ವಾಲ್ವ್ ಪೂರ್ತಿ ನಿಲ್ಲದೆ ಹನಿ ಬರುತ್ತಿದ್ದರೆ ಪೈಪಿನೊಳಗೆ ಬ್ರೆಡ್ಡಿನ ಮೆದು ಭಾಗ ಉಂಡೆ ಕಟ್ಟಿ ತುರುಕಿ. ಅಂಟಿಸುವಷ್ಟು ಹೊತ್ತು ನೀರು ತಡೆದು, ಆಮೇಲೆ ಕರಗಿ ಹೋಗುತ್ತದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ನೀರು ಬಿಡುವುದು ಮರೆಯಬೇಡಿ, ಇಲ್ಲದಿದ್ದರೆ ಬ್ರೆಡ್ಡೆಲ್ಲ ಅಲ್ಲೇ ಕಟ್ಟಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ನನ್ನ ದಾರಿ ಬೇರೆ. ಮಳೆಗಾಲದ ತೇವಕ್ಕೆ ಸಾಲ್ವೆಂಟ್ ನಿಧಾನ. ಒಂದು ರಾತ್ರಿ ಬಿಟ್ಟೇ ಪೂರ್ತಿ ಒತ್ತಡ ಕೊಡಬೇಕು. ಆ ರಾತ್ರಿ ಗೋಡೆ ಬಾಯಿ ತೆರೆದಿದ್ದರೆ ಬೆಕ್ಕು ಒಳಗೆ. ಸಿಮೆಂಟ್ ಮೆತ್ತಿ ಮುಚ್ಚಿದರೆ ಹಸಿ ಸಿಮೆಂಟಿನ ಕ್ಷಾರ ಪಾದ ಸುಡುತ್ತದೆ, ಪಾದ ನೆಕ್ಕಿದರೆ ಬಾಯಿಯೂ. ಅದಕ್ಕೆ ಸಿಮೆಂಟೇ ಬೇಡ: ಹತ್ತಿಂಚು ಚದರದ, ಐದಾರು ಎಂಎಂ ದಪ್ಪದ ಪಿವಿಸಿ ಹಲಗೆ, ನಾಲ್ಕು ಮೂಲೆಗೆ ಪ್ಲಗ್ಗು ಕೂರಿಸಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ತುಕ್ಕು ಹಿಡಿಯುವ ಸ್ಕ್ರೂ ಹಾಕಿದರೆ ಮುಂದಿನ ಸಲ ತಲೆ ಸವೆದು ಬಿಚ್ಚುವುದಿಲ್ಲ. ನಲ್ಲಿ ಹೊರಬರುವ ಕಡೆ ಹೋಲ್‌ಸಾದಲ್ಲಿ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ತೂತು, ಅಂಚಿಗೆ ಸಿಲಿಕೋನ್. ಅದು ಅಂಟುವುದು ನಿಲ್ಲುವವರೆಗೆ ಬಚ್ಚಲ ಬಾಗಿಲು ಮುಚ್ಚಿರಲಿ. ಅದೇ ಬಣ್ಣದ ಟೈಲು ಹುಡುಕಿ ಹಾಸನದ ಅಂಗಡಿಗಳನ್ನೆಲ್ಲ ಸುತ್ತಿ, ಸಿಗದೆ, ಒಂದು ಗೋಡೆಗೇ ಹೊಸ ಟೈಲು ಹಾಕಿಸಿ ಏಳೆಂಟು ಸಾವಿರ ಕಳೆದವರುಂಟು. ಈ ಮುಚ್ಚಳಕ್ಕೆ ಮುನ್ನೂರು ಚಿಲ್ಲರೆ. ನೋಡಲು ಚೆಂದವಿಲ್ಲ ಎಂಬ ದೂರು ಉಂಟು, ಒಪ್ಪುತ್ತೇನೆ. ಆದರೆ ಮತ್ತೆ ಸೋರಿದರೆ ಸ್ಕ್ರೂಡ್ರೈವರ್ ಒಂದೇ ಸಾಕು.

ಎಲ್ಲರೂ ಡ್ರಿಲ್ಲಿಗೆ ಹೆದರುತ್ತಾರೆ. ಬೆಕ್ಕಿಗೆ ನಿಜವಾದ ಅಪಾಯ ನಲ್ಲಿಯ ಮರೆಗೆ ಸುತ್ತುವ ಟೆಫ್ಲಾನ್ ಟೇಪಿನ ತುಂಡು. ಬೆಳ್ಳಗೆ, ಹಗುರವಾಗಿ, ಗಾಳಿಗೆ ಹಾರುವ ಆ ದಾರವನ್ನು ಬೆಕ್ಕು ನುಂಗದೆ ಬಿಡುವುದಿಲ್ಲ. ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರ ಸುತ್ತ ನೆರಿಗೆ ಕಟ್ಟಿ ಹರಿದುಹೋಗುತ್ತದೆ, ಆಪರೇಷನ್ನೇ ಗತಿ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡಿದರೆ ಎಳೆಯಬಾರದು, ಸೀದಾ ಪಶುವೈದ್ಯರ ಹತ್ತಿರ. ಹಾಸನ ಸುತ್ತಮುತ್ತಲಿನವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೇ ಇದೆ. ಟೇಪು ಸುತ್ತಿದ ಕೂಡಲೇ ತುಂಡನ್ನು ಅಂಗಿ ಜೇಬಿಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ನೆಲಕ್ಕೆ ಬಿಟ್ಟು ಆಮೇಲೆ ಗುಡಿಸುತ್ತೇನೆ ಎಂದರೆ ಆಗುವುದಿಲ್ಲ. ಕೇಬಲ್ ಟೈ ತುದಿ, ವೈರಿನ ಸಿಪ್ಪೆಗೂ ಇದೇ ಜೇಬು.

ನೊರೆಯಾಗಿ ಉಬ್ಬುವ ಪಿಯು ಫೋಮ್ ಬೆಕ್ಕು ನಾಯಿ ಇರುವ ಮನೆಗೆ ತರಲೇಬೇಡಿ. ಹಸಿಯದು ಮೈಗೆ ಅಂಟಿದರೆ ಕೂದಲು ಕತ್ತರಿಸಿಯೇ ತೆಗೆಯಬೇಕು, ಹೊಟ್ಟೆಗೆ ಹೋದರೆ ಅಲ್ಲಿಯೂ ಉಬ್ಬುವ ಭಯ. ಇಲಿ ಬಿಲಕ್ಕೆ ಸ್ಟೀಲ್ ಸ್ಕ್ರಬ್ಬರ್ ತುರುಕಿ ಮೇಲೆ ಎಂಸೀಲ್ ಒತ್ತಿದರೆ ಫೋಮಿಗಿಂತ ಗಟ್ಟಿ, ಖರ್ಚು ಕಾಲುಭಾಗ. ಎಂಸೀಲ್ ಒಂದೆರಡು ತಾಸಿನಲ್ಲಿ ಗಟ್ಟಿಯಾಗುವುದರಿಂದ ನಿದ್ದೆಯ ಲೆಕ್ಕಕ್ಕೂ ಕೂರುತ್ತದೆ. ಇಲಿ ಪಾಷಾಣದ ಮಾತೇ ಬೇಡ, ಪಾಷಾಣ ತಿಂದ ಇಲಿಯನ್ನು ಹಿಡಿಯುವುದು ಇದೇ ಬೆಕ್ಕು.

ಈಗ ಮಾಡಿನ (ಚಾವಣಿಯ) ಸರದಿ. ಪಾಚಿ ಕಟ್ಟಿದ ಹಂಚಿನ ಮೇಲೆ ಮಳೆಯಲ್ಲಿ ಹತ್ತುವುದು ಮೂರ್ಖತನ. ಒಡೆದ ಹಂಚನ್ನು ಅಟ್ಟದ ಮೇಲೆ ನಿಂತು ಒಳಗಿನಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಎರಡು ಹಂಚನ್ನು ಬೆರಳಷ್ಟು ಎತ್ತಿ ಮರದ ತುಂಡು ಕೊಡಿ, ಪಕ್ಕದ್ದನ್ನು ಸ್ವಲ್ಪ ಎತ್ತಿ ಹಿಡಿದು, ಒಡೆದದ್ದರ ಕೊಕ್ಕೆಯನ್ನು ರೀಪಿನಿಂದ (ಹಂಚು ಕೂರುವ ಅಡ್ಡಪಟ್ಟಿ) ಬಿಡಿಸಿ ಓರೆಯಾಗಿ ಒಳಕ್ಕೆಳೆಯಿರಿ. ಹೊಸದನ್ನು ಅದೇ ದಾರಿಯಲ್ಲಿ ಹೊರಗೆ ತೂರಿಸಿ ಕೊಕ್ಕೆ ರೀಪಿಗೆ ಕೂರಿಸುವುದು. ಹಂಚಿನ ಹಿಂದಿನ ಕಾರ್ಖಾನೆ ಮುದ್ರೆ ನೋಡಿಯೇ ತನ್ನಿ. ಬೇರೆ ಕಾರ್ಖಾನೆಯ ಹಂಚಿನ ಕಾಲುವೆ ಕಾಲಿಂಚು ಆಚೀಚೆ ಇರುತ್ತದೆ, ಎಷ್ಟು ಒತ್ತಿದರೂ ಕೂರುವುದಿಲ್ಲ, ಸೋರುವುದೂ ನಿಲ್ಲುವುದಿಲ್ಲ. ಮೂಡಿಗೆರೆ ಕಡೆ ಹಳೇ ಮನೆ ಇಳಿಸುವಲ್ಲಿ ಇಪ್ಪತ್ತು ಇಪ್ಪತ್ತೈದಕ್ಕೊಂದು ಹಂಚು ಸಿಗುತ್ತದೆ. ಮೂವತ್ತು ತಂದು ಜೋಡಿಸಿಟ್ಟರೆ ನಾಲ್ಕೈದು ಮಳೆಗಾಲಕ್ಕೆ ಸಾಕು. ಮಂಗಗಳ ಕಾಟವಿದ್ದರೆ ಮಾತ್ರ ಲೆಕ್ಕ ಬೇರೆ.

ಹಂಚು ತೆಗೆದ ಕ್ಷಣ ಅಟ್ಟದಿಂದ ಸೂರಿನವರೆಗೆ ಬೆಕ್ಕಿಗೆ ರಾಜಮಾರ್ಗ. ಅದಕ್ಕೆ ಅರ್ಧ ಇಂಚು ಕಣ್ಣಿನ, ಸತು ಲೇಪದ ಜಿಐ ವೆಲ್ಡ್ ಜಾಲರಿ ಎರಡಡಿ ಚದರ ಕತ್ತರಿಸಿ, ಎರಡು ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರ) ನಡುವೆ ನಾಲ್ಕು ಕೊಕ್ಕೆಗೆ ಸಿಕ್ಕಿಸುವಂತೆ ಮಾಡಿಟ್ಟಿದ್ದೇನೆ. ಅರ್ಧಕ್ಕೆ ನಿಲ್ಲಿಸಿ ಇಳಿಯಬೇಕಾದರೆ ಜಾಲರಿ ಸಿಕ್ಕಿಸಿ ಇಳಿಯುವುದು. ತೆಳು ಕೋಳಿ ಜಾಲರಿ ನಡೆಯುವುದಿಲ್ಲ, ಬೆಕ್ಕು ಪಂಜದಲ್ಲೇ ಅಗಲಿಸುತ್ತದೆ. ತಲೆ ತೂರಿದ ಕಡೆ ಮೈಯೂ ತೂರುತ್ತದೆ, ಆದ್ದರಿಂದ ಎರಡಿಂಚಿಗಿಂತ ದೊಡ್ಡ ಸಂದು ಯಾವುದನ್ನೂ ಬಿಡಬೇಡಿ. ಮರಿ ಇದ್ದರೆ ಒಂದೂವರೆ. ರೀಪು ಕೊಳೆತು ಕುಂಬಾಗಿದ್ದರೆ ಕೀಳಬೇಡಿ, ಪಕ್ಕದಲ್ಲೇ ಇನ್ನೊಂದು ಜೋಡಿಸಿ ಮೊಳೆ ಹೊಡೆಯಿರಿ. ಗೆದ್ದಲಿಗೆಂದು ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದಾದರೆ ಬೇಸಿಗೆಯಲ್ಲಿ, ಅಂಗಳದಲ್ಲಿ, ಪೂರ್ತಿ ಒಣಗಿಸಿ ತನ್ನಿ. ಹಸಿಯದು ಮನುಷ್ಯರ ಚರ್ಮಕ್ಕೇ ಬೊಬ್ಬೆ ತರಿಸುತ್ತದೆ.

ಬೆಕ್ಕನ್ನು ದೂರವಿಡುವ ಮನೆಮದ್ದುಗಳನ್ನೂ ನೋಡಿಯಾಯಿತು. ಕಿತ್ತಳೆ ಸಿಪ್ಪೆ ಒಂದು ತಾಸು ತಡೆಯುತ್ತದೆ, ಒಣಗಿದರೆ ಇಲ್ಲ. ಎರಡು ಬದಿ ಅಂಟುವ ಟೇಪು ಮಳೆಗಾಲದ ಒದ್ದೆ ನೆಲಕ್ಕೆ ಹಿಡಿಯುವುದೇ ಇಲ್ಲ. ಮೆಣಸಿನ ಪುಡಿ ಎರಚುವವರಿದ್ದಾರೆ, ಕಣ್ಣು ಮೂಗು ಉರಿದು ಪ್ರಾಣಿಗೆ ಹಿಂಸೆ. ಫಿನಾಯಿಲ್ ಇನ್ನೂ ಕೆಟ್ಟದ್ದು: ಆ ಬಗೆಯ ರಾಸಾಯನಿಕವನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಅರಗಿಸದು, ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ವಿಷ. ಗೆದ್ದದ್ದು ಖಾಲಿ ರಟ್ಟಿನ ಪೆಟ್ಟಿಗೆ. ಎಚ್ಚರಾಗಿ ಬಂದರೂ ಕೆಲಸದ ಜಾಗದಿಂದ ಮಾರು ದೂರದಲ್ಲಿಟ್ಟ ಪೆಟ್ಟಿಗೆ ಹೊಕ್ಕು ಕೂತು ನೋಡುತ್ತದೆ. ಇಡುವ ದಿಕ್ಕಿನಲ್ಲೊಂದು ಗುಟ್ಟಿದೆ, ನೀವೇ ನಾಲ್ಕು ಸಲ ತಿರುಗಿಸಿ ಕಂಡುಕೊಳ್ಳಿ.

ಕರೆಂಟಿನ ವಿಷಯ ಚುಟುಕಾಗಿ. ಮೇನ್ ಇಳಿಸಿದರೂ ಇನ್ವರ್ಟರ್ ಲೈನು ಜೀವಂತ, ಅದನ್ನು ಬೇರೆಯಾಗಿ ಆರಿಸಿ ಟೆಸ್ಟರ್ ಇಡಿ. ಬೋರ್ಡು ಬಿಚ್ಚಿಟ್ಟು ಅಂಗಡಿಗೆ ಹೋಗುವುದಾದರೆ ಪ್ರತಿ ವೈರಿನ ತುದಿಗೂ ಟೇಪು ಸುತ್ತಿ, ಮೇಲೆ ರಟ್ಟು ಮುಚ್ಚಿ. ಎಂಸಿಬಿ (ಲೋಡು ಹೆಚ್ಚಾದರೆ ಬೀಳುವ ಸ್ವಿಚ್) ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂದು ನಂಬಿದವರು ಬಹಳ. ಅದು ಕಾಯುವುದು ವೈರನ್ನು. ವೈರು ಕಚ್ಚುವ ಬೆಕ್ಕಿಗೂ ಒದ್ದೆ ಗೋಡೆ ಮುಟ್ಟುವ ನಮಗೂ ಬೇಕಾದದ್ದು 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್. ಎರಡು ಸಾವಿರದ ಆಸುಪಾಸು, ಕೂಲಿ ಬೇರೆ. ಅರ್ತಿಂಗ್ ಸರಿಯಿದೆಯೋ ನೋಡಿಸಿ, ಆಮೇಲೆ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುತ್ತಿರಿ. ಗಂಡು ಬೆಕ್ಕು ಎಕ್ಸ್‌ಟೆನ್ಶನ್ ಬೋರ್ಡಿಗೆ ಉಚ್ಚೆ ಹಾರಿಸಿದರೂ ಈ ಆರ್‌ಸಿಸಿಬಿ ಬೀಳುತ್ತದೆ. ವೈರಿಂಗ್ ಪೂರ್ತಿ ಬಿಚ್ಚಿಸುವ ಮೊದಲು ಬೋರ್ಡು ಮೂಸಿ ನೋಡಿ, ಎಲೆಕ್ಟ್ರಿಷಿಯನ್ನಿನ ಒಂದು ದಿನದ ಕೂಲಿ ಉಳಿಯುತ್ತದೆ.

ಬೆಕ್ಕು ಮೈಗೆ ಪೇಂಟು ತಾಗಿಸಿಕೊಂಡರೆ ಟರ್ಪೆಂಟೈನ್, ಥಿನ್ನರ್ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪಾತ್ರೆ ಸೋಪಿನ ತೆಳು ನೀರಲ್ಲಿ ತೊಳೆದು, ಒಣಗುವವರೆಗೆ ನೆಕ್ಕದಂತೆ ಟವೆಲಿನಲ್ಲಿ ಸುತ್ತಿ ಹಿಡಿಯಿರಿ. ಎರಡು ಜನ ಬೇಕು, ಉದ್ದ ತೋಳಿನ ಅಂಗಿ ಬೇಕು.

ಕೊನೆಯ ಸ್ಕ್ರೂ ಬಿಗಿಯುವ ಮೊದಲು ಬೆಕ್ಕು ಎಲ್ಲಿದೆ ಎಂದು ಕಣ್ಣಾರೆ ನೋಡಿ. ಕರೆದು ನೋಡಿದರೆ ಸಾಲದು, ಹೆದರಿ ಗೋಡೆಯೊಳಗೋ ಫಾಲ್ಸ್ ಸೀಲಿಂಗಿನ ಮೇಲೋ ಸೇರಿಕೊಂಡ ಬೆಕ್ಕು ಗಂಟೆಗಟ್ಟಲೆ ಉಸಿರೆತ್ತುವುದಿಲ್ಲ. ಕಾಣದಿದ್ದರೆ ಮುಚ್ಚಳವನ್ನು ಎರಡು ಸ್ಕ್ರೂಗೆ ಸಡಿಲವಾಗಿ ನೇತುಹಾಕಿ, ಅಂಚಿಗೆ ಹಿಟ್ಟು ಉದುರಿಸಿ ರಾತ್ರಿ ಬಿಡಿ. ಹೆಜ್ಜೆ ಒಳಗಿನಿಂದ ಹೊರಗೆ ಬಂದಿದ್ದರೆ ಬೆಳಗ್ಗೆ ಬಿಗಿಯಿರಿ.