ಡಾಕ್ಟರು ತೀರಿಕೊಂಡ ಮೇಲೆ: ಅವರ ನೆನಪನ್ನು ಕೂಡಿಡುವುದು ಹೇಗೆ

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಒಬ್ಬ ಡಾಕ್ಟರ ಕ್ಲಿನಿಕ್‌ನಲ್ಲಿ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಟೋಕನ್ ಕೊಡುತ್ತಿದ್ದವಳು. ಅವರು ಹೋದ ಮೇಲೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಅಕ್ಕ, ಅವರಿಗಾಗಿ ಏನಾದ್ರೂ ಮಾಡಬೇಕು. ಏನು ಮಾಡೋಣ?" ಆಗ ನಾವೆಲ್ಲ ಸೇರಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರನ್ನು ಕಳೆದುಕೊಂಡು ನೀವೂ ಇದೇ ಪ್ರಶ್ನೆ ಹಿಡಿದು ಕೂತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸ ಮಾತ್ರೆಯದು. ಅವರು ಬರೆದುಕೊಟ್ಟ ಔಷಧಿಯನ್ನು ನಿಲ್ಲಿಸಬೇಡಿ. "ಇನ್ನು ಯಾರ ಹತ್ತಿರ ಹೋಗೋದು" ಅಂತ ಬೇಜಾರಿನಲ್ಲಿ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಫಿಟ್ಸ್ ಮಾತ್ರೆ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್, ಹೃದಯಕ್ಕೂ ಬಿಪಿಗೂ ಕೊಡುವ ಬೀಟಾ ಬ್ಲಾಕರ್, ಇಂಥವನ್ನು ಏಕಾಏಕಿ ನಿಲ್ಲಿಸಿದರೆ ಅಪಾಯ. ಕ್ಲಿನಿಕ್‌ನ ಫೈಲ್‌ಗಳು ಈಗ ಯಾರ ವಶದಲ್ಲಿವೆ ಎಂದು ವಿಚಾರಿಸಿ, ನಿಮ್ಮ ಫೈಲ್‌ನ ಕಾಪಿ ತೆಗೆದುಕೊಳ್ಳಿ. ಮಾತ್ರೆ ಮುಗಿಯುವ ಮೊದಲೇ ಇನ್ನೊಬ್ಬ ಡಾಕ್ಟರನ್ನು ನೋಡಿ. ಹಳೆಯ ಡಾಕ್ಟರಿಗೆ ದ್ರೋಹ ಮಾಡಿದ ಹಾಗಾಗುತ್ತದೆ ಎಂದು ಕೆಲವರಿಗೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ನಮ್ಮ ಡಾಕ್ಟರು ಊರಿಗೆ ಹೋಗುವಾಗಲೂ ತಮ್ಮ ಬದಲಿಗೆ ಯಾರನ್ನು ನೋಡಬೇಕು ಎಂದು ನನ್ನ ಮೇಜಿನ ಮೇಲೆ ಬರೆದಿಟ್ಟೇ ಹೋಗುತ್ತಿದ್ದರು.

ಆಮೇಲೆ ಬರೆಯುವ ಕೆಲಸ. ಇದನ್ನು ಬೇಗ ಶುರು ಮಾಡಿ. ದೊಡ್ಡ ಸಂಗತಿಗಳು ಎಲ್ಲರಿಗೂ ನೆನಪಿರುತ್ತವೆ, ಸಣ್ಣವು ಜಾರಿ ಹೋಗುತ್ತವೆ. ಒಂದು ದಪ್ಪ ನೋಟ್‌ಬುಕ್ ಇಟ್ಟು, ಬಂದವರಿಗೆಲ್ಲ ಬರೆಯಲು ಹೇಳಿದೆವು. ಮೊದಮೊದಲು ಎಲ್ಲರೂ ಬರೆದದ್ದು ಒಂದೇ: "ದೇವರಂಥ ಮನುಷ್ಯ." ಅದು ಮನಸ್ಸಿನಿಂದ ಬಂದ ಮಾತೇ. ಆದರೆ ಆ ಸಾಲನ್ನು ಎಷ್ಟು ಸಲ ಓದಿದರೂ ನಮ್ಮ ಡಾಕ್ಟರು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಹಾಗಾಗಿ ನಾನು ಪಕ್ಕದಲ್ಲಿ ಕೂತು ಇನ್ನೊಂದು ಪ್ರಶ್ನೆ ಕೇಳತೊಡಗಿದೆ: "ಅವತ್ತು ಅವರು ಏನು ಮಾಡಿದ್ರು?"

ಈ ಪ್ರಶ್ನೆಯೇ ಮುಖ್ಯ. ಓದಲು ಬಾರದ ಒಬ್ಬರು ಹೇಳಿದರು, ಅವರ ಚೀಟಿಯಲ್ಲಿ ಡಾಕ್ಟರು ಬೆಳಗಿನ ಮಾತ್ರೆಯ ಮುಂದೆ ಸೂರ್ಯ, ರಾತ್ರಿಯ ಮಾತ್ರೆಯ ಮುಂದೆ ಚಂದ್ರ ಬರೆದುಕೊಡುತ್ತಿದ್ದರಂತೆ. ಗಂಡನ ಕಾಯಿಲೆಗೆ ಜೊತೆಯಲ್ಲಿ ಬರುತ್ತಿದ್ದ ಒಬ್ಬ ಹೆಂಗಸಿಗೆ ನೆನಪಿದ್ದದ್ದು, ಗಂಡನನ್ನು ನೋಡಿ ಮುಗಿಸಿದ ಮೇಲೆ ಡಾಕ್ಟರು ತನ್ನ ಕಡೆ ತಿರುಗಿ, "ನೀವು ರಾತ್ರಿ ನಿದ್ದೆ ಮಾಡ್ತೀರಾ?" ಎಂದು ಕೇಳಿದ್ದು. ಅಷ್ಟು ತಿಂಗಳಲ್ಲಿ ಆಕೆಯನ್ನು ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ರಿಪೋರ್ಟ್ ಬಂದ ಸಂಜೆಯೇ, ಬೆಳಗಿನವರೆಗೆ ಕಾಯಿಸದೆ, ಫೋನ್ ಮಾಡಿ "ಹೆದರಬೇಡಿ, ಏನೂ ಇಲ್ಲ" ಎಂದದ್ದನ್ನು ಎಷ್ಟೋ ಜನ ಬರೆದರು. "ಇದು ನನಗೆ ಗೊತ್ತಾಗ್ತಿಲ್ಲ, ಗೊತ್ತಿರೋರ ಹತ್ತಿರ ಕಳಿಸ್ತೀನಿ" ಎಂದದ್ದನ್ನೂ ಬರೆದರು. ನನ್ನ ಲೆಕ್ಕದಲ್ಲಿ ಆ ಮಾತೂ ಕರುಣೆಯೇ.

ಎಲ್ಲಕ್ಕಿಂತ ಜಾಸ್ತಿ ಬಂದ ಮಾತು, "ಪೂರ್ತಿ ಕೇಳಿಸ್ಕೋತಿದ್ರು". ಇದು ಸಣ್ಣ ವಿಷಯವಲ್ಲ. ಹೊವರ್ಡ್ ಬೆಕ್ಮನ್, ರಿಚರ್ಡ್ ಫ್ರಾಂಕೆಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಡಾಕ್ಟರು ಮತ್ತು ರೋಗಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ನೋಡಿ, ಕಂಡದ್ದನ್ನು 1984ರಲ್ಲಿ ಪ್ರಕಟಿಸಿದರು. ರೋಗಿ ಮಾತು ಶುರು ಮಾಡಿದ ಮೇಲೆ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ಹೊರಗೆ ಜನ ತುಂಬಿದ್ದಾಗ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಟೋಕನ್ ಕೊಡುತ್ತಿದ್ದ ನನಗೆ ಗೊತ್ತು. ಹಾಗಾಗಿ "ಕೇಳಿಸ್ಕೋತಿದ್ರು" ಎಂದು ಬರೆದವರನ್ನು ಅಲ್ಲಿಗೇ ಬಿಡಬೇಡಿ. ಹೇಗೆ ಎಂದು ಕೇಳಿ. ಪೆನ್ನು ಕೆಳಗಿಡುತ್ತಿದ್ದರಾ? ಕುರ್ಚಿ ತಿರುಗಿಸಿ ಕೂರುತ್ತಿದ್ದರಾ? ಫೋನ್ ಬಂದರೆ ಏನು ಮಾಡುತ್ತಿದ್ದರು?

ಅವರ ಸಿಟ್ಟನ್ನೂ ಬರೆಯಿಸಿ. ನಮ್ಮ ಡಾಕ್ಟರು ಗದರುತ್ತಿದ್ದರು, ಅದರಲ್ಲೂ ಸಿಗರೇಟು ಸೇದಿ ಬಂದು ಇಲ್ಲ ಎನ್ನುವವರನ್ನು. ಅದನ್ನು ಬಿಟ್ಟರೆ ನೋಟ್‌ಬುಕ್ಕಿನಲ್ಲಿ ಉಳಿಯುವುದು ಬೇರೆ ಯಾರೋ.

ಒಂದು ಗುಂಪಿನ ಹತ್ತಿರ ಮಾತ್ರ ಮೆಲ್ಲಗೆ ಹೋಗಬೇಕು. ನಮ್ಮ ಡಾಕ್ಟರ ಚಿಕಿತ್ಸೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರು. ಇವರನ್ನು ಕರೆಯುವುದೇ ಬೇಡ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ವಾಸಿ ಮಾಡಲು ಆಗದಿದ್ದಾಗ ಒಬ್ಬ ಡಾಕ್ಟರು ಹೇಗೆ ನಡೆದುಕೊಂಡರು ಎನ್ನುವುದು ಇವರಿಗೆ ಮಾತ್ರ ಗೊತ್ತು. ಬರೆಯಲೇಬೇಕು ಅಂತ ಒತ್ತಾಯ ಬೇಡ. ಕೇಳಿ, ಸುಮ್ನೆ ಕಾಯಿರಿ. ಕೋಪ ಉಳಿದಿರುವವರು ಇದ್ದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಇನ್ನು ಗುಟ್ಟಿನ ವಿಷಯ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಡಾಕ್ಟರ ಒಳ್ಳೆಯತನ ಹೇಳುವ ಭರದಲ್ಲಿ ಪಕ್ಕದ ಮನೆಯವರ ಕಾಯಿಲೆ ಹೊರಗೆ ಬರಬಾರದು. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಜಿನೀವಾ ಘೋಷಣೆ ಎಂಬ ಪ್ರತಿಜ್ಞೆಯನ್ನು ಒಪ್ಪಿಕೊಂಡಿತು. ನಂಬಿ ಹೇಳಿದ ಗುಟ್ಟನ್ನು ಕಾಪಾಡುತ್ತೇನೆ ಎಂಬುದು ಅದರಲ್ಲಿದೆ. ರೋಗಿ ಸತ್ತ ಮೇಲೂ ಕಾಪಾಡುತ್ತೇನೆ ಎಂಬುದನ್ನು 1968ರಲ್ಲಿ ಸೇರಿಸಿದರು. ಡಾಕ್ಟರು ಸತ್ತ ಮೇಲೂ ಆ ಗುಟ್ಟು ಗುಟ್ಟೇ. ನಿಮ್ಮ ಕತೆಯನ್ನು ನೀವು ಹೇಳಿ, ಬೇರೆಯವರದನ್ನು ಅವರನ್ನು ಕೇಳದೆ ಹೇಳಬೇಡಿ. ಹೆಸರು ತೆಗೆದರೆ ಸಾಕು ಅಂದುಕೊಳ್ಳಬೇಡಿ. ಬೀದಿ, ಕೆಲಸ, ಮಕ್ಕಳ ವಿವರ ಇದ್ದರೂ ಜನ ಗುರುತು ಹಿಡಿಯುತ್ತಾರೆ. ಹಾಗೆಯೇ, ಡಾಕ್ಟರು ಯಾವ ಕಾಯಿಲೆಯಿಂದ ಹೋದರು ಎನ್ನುವುದನ್ನು ಮನೆಯವರು ಹೇಳಿದರೆ ಮಾತ್ರ ಬರೆಯಿರಿ.

ಕಾಗದಗಳನ್ನು ಜೋಪಾನ ಮಾಡಿ. ಅವರ ಕೈಬರಹದ ಚೀಟಿ, ಹಿಂಬದಿಯಲ್ಲಿ ಅವರು ಬರೆದು ತೋರಿಸಿದ ಹೃದಯದ ಚಿತ್ರ, ಹಳೆಯ ಫೋಟೊ, ಎಲ್ಲವನ್ನೂ 600 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ. ಇಸಿಜಿ ಪಟ್ಟಿಯ ಮೇಲೆ ಅವರು ಏನಾದರೂ ಬರೆದಿದ್ದರೆ ಅದನ್ನು ಮೊದಲು ಮಾಡಿ. ಆ ನುಣುಪು ಕಾಗದ ಬಿಸಿಗೆ ಕಪ್ಪಾಗುವಂಥದ್ದು, ವರ್ಷ ಕಳೆದಂತೆ ಅದರ ಗೆರೆಗಳು ಮಾಸುತ್ತವೆ. ಲ್ಯಾಮಿನೇಷನ್‌ಗೆ ಕೊಟ್ಟರಂತೂ ಪೂರ್ತಿ ಕಪ್ಪಾಗಿ ವಾಪಸ್ ಬರುತ್ತದೆ. ಫೋಟೊ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬರೆಯಲು ಆಗದ ಹಿರಿಯರ ಮಾತನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೊದಲು ಒಪ್ಪಿಗೆ ಕೇಳಿ.

ಡಾಕ್ಟರ ಮನೆಯವರಿಗೆ ಕಾಗದ ಬರೆಯುವುದನ್ನು ಮರೆಯಬೇಡಿ. ಮೆಸೇಜ್ ಅಲ್ಲ, ಕೈಯಲ್ಲಿ ಬರೆದದ್ದು. ನಡೆದ ಒಂದೇ ಒಂದು ಸಂಗತಿ ಸಾಕು. ಧೈರ್ಯ ತಂದುಕೊಳ್ಳಿ ಎನ್ನುವ ಉಪದೇಶ ಬೇಡ, ಉತ್ತರವನ್ನೂ ನಿರೀಕ್ಷಿಸಬೇಡಿ. ಡಾಕ್ಟರು ನಿಮ್ಮ ಮನೆಗೆ ಬಂದ ರಾತ್ರಿ ತಮ್ಮ ಮನೆಯಲ್ಲಿ ಇರಲಿಲ್ಲ. ಅವರ ಮಕ್ಕಳು ಅಪ್ಪನಿಗಾಗಿ ಕಾದಿದ್ದರು. ಆ ಹೊತ್ತಿನಲ್ಲಿ ಅಪ್ಪ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಹೇಳಬಲ್ಲವರು ನೀವು. ತಿಂಗಳು ಕಳೆದು ಬರೆದರೂ ತಡವೇನಲ್ಲ. ಬಂದು ಹೋಗುವವರು ಕಡಿಮೆಯಾದ ಮೇಲೆ ಬರುವ ಕಾಗದಕ್ಕೆ ಬೆಲೆ ಇನ್ನೂ ಜಾಸ್ತಿ.

ಅವರ ಹೆಸರಿನಲ್ಲಿ ಏನಾದರೂ ಶಾಶ್ವತವಾಗಿ ಮಾಡಬೇಕು ಎಂದಿದ್ದರೆ ಅವಸರ ಬೇಡ. ವಿಲಿಯಂ ಆಸ್ಲರ್ ಎಂಬ ಹೆಸರಾಂತ ಡಾಕ್ಟರು 1919ರಲ್ಲಿ ತೀರಿಕೊಂಡರು. ತಾವು ಓದಿದ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ತಮ್ಮ ಪುಸ್ತಕ ಸಂಗ್ರಹವನ್ನು ಬಿಟ್ಟುಹೋಗಿದ್ದರು. ಆ ಲೈಬ್ರರಿ ತೆರೆದದ್ದು 1929ರಲ್ಲಿ. ಹತ್ತು ವರ್ಷ ಹಿಡಿಯಿತು, ಆದರೆ ಆ ಪುಸ್ತಕಗಳನ್ನು ಜನ ಈಗಲೂ ಓದುತ್ತಿದ್ದಾರೆ. ಮೊದಲು ಮನೆಯವರನ್ನು ಕೇಳಿ. ಹಣ ಕೂಡಿಸುವುದಾದರೆ ಲೆಕ್ಕ ಬರೆಯಲು ಇಬ್ಬರು ಇರಲಿ. ಯಂತ್ರ ಕೊಡಿಸುವುದಾದರೆ ಅದರ ರಿಪೇರಿ ಯಾರು ಮಾಡಿಸುತ್ತಾರೆ ಎಂಬುದನ್ನು ಆಗಲೇ ತೀರ್ಮಾನಿಸಿ.

ನನ್ನ ಮನಸ್ಸಿಗೆ ಒಪ್ಪುವುದು, ಅವರು ಮಾಡುತ್ತಿದ್ದ ಒಂದು ಕೆಲಸವನ್ನು ಆರಿಸಿ ಅದನ್ನೇ ಮುಂದುವರಿಸುವುದು. ನಮ್ಮಲ್ಲಿ ಕೆಲವರು ಸೂರ್ಯ-ಚಂದ್ರದ ಚೀಟಿಯನ್ನು ಹಿಡಿದುಕೊಂಡರು. ಓದಲು ಬಾರದವರು ಡಾಕ್ಟರ ಚೀಟಿ ತಂದರೆ, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಔಷಧಿ ಅಂಗಡಿಯವರ ಹತ್ತಿರ ಖಚಿತ ಮಾಡಿಕೊಂಡು, ಮಾತ್ರೆಯ ಕವರಿನ ಮೇಲೆ ಚಿತ್ರ ಬರೆದುಕೊಡುತ್ತಾರೆ. ಇದಕ್ಕೆ ಒಂದು ಪೆನ್ನು ಸಾಕು, ಕಮಿಟಿ ಬೇಕಿಲ್ಲ. ನೋಟ್‌ಬುಕ್ಕಿನ ಒಂದು ಕಾಪಿ ಮನೆಯವರ ಹತ್ತಿರ ಇದೆ, ಇನ್ನೊಂದು ಆ ಕ್ಲಿನಿಕ್‌ಗೆ ಈಗ ಬಂದಿರುವ ಹೊಸ ಡಾಕ್ಟರ ಹತ್ತಿರ. ಅವರೇ ಕೇಳಿ ತೆಗೆದುಕೊಂಡರು.