‘ಸಿಐ’ ಅನ್ನೋ ಎರಡಕ್ಷರ ನಂಬಿ ಕೆಟ್ಟೆ

ತಂಡದ ಬಳಕೆಗೆಂದು ಪೈಥಾನ್‌ನಲ್ಲಿ ಒಂದು ಪುಟ್ಟ ಕಮಾಂಡ್ ಲೈನ್ ಟೂಲ್ ಬರೆದಿದ್ದೆ. ಟೆಸ್ಟ್ ಡೇಟಾಬೇಸಿನ ಹಳೇ ಟೇಬಲ್‌ಗಳನ್ನು ಕಿತ್ತುಹಾಕಿ ಹೊಸದಾಗಿ ಕಟ್ಟುವುದು ಅದರ ಕೆಲಸ. ಕೀಳುವ ಮೊದಲು ‘ಅಳಿಸಲಾ?’ ಅಂತ ಕೇಳುತ್ತಿತ್ತು. ವೈ ಅಥವಾ ಎನ್ ಬಿಟ್ಟು ಬೇರೇನೇ ಒತ್ತಿದರೂ ಮತ್ತೆ ಅದೇ ಪ್ರಶ್ನೆ.

ಒಂದು ಸಂಜೆ ಇದನ್ನು ಗಿಟ್‌ಹಬ್ ಆಕ್ಷನ್ಸ್ ಬಿಲ್ಡ್‌ಗೆ (ಕೋಡ್ ಕಳಿಸಿದಾಗ ಬೇರೆ ಯಂತ್ರದಲ್ಲಿ ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ, ಇಂಥದ್ದಕ್ಕೇ ಸಿಐ ಅನ್ನುವುದು) ಸೇರಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಜಾಬ್ 6 ಗಂಟೆ ಓಡಿ, ಡೀಫಾಲ್ಟ್ ಮಿತಿ ಮುಟ್ಟಿ ನಿಂತಿದೆ. ಲಾಗ್ ತುಂಬ ‘ಅಳಿಸಲಾ? ಅಳಿಸಲಾ? ಅಳಿಸಲಾ?’ ಅಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ, ಇನ್‌ಪುಟ್ ಮುಚ್ಚಿರುತ್ತದೆ. ಉತ್ತರದ ಸಾಲು ಓದಲು ನಾನು ಬಳಸಿದ್ದ ರೀಡ್‌ಲೈನ್ ಅಂಥ ಕಡೆ ಎರರ್ ಎಸೆಯುವುದಿಲ್ಲ, ಖಾಲಿ ಸ್ಟ್ರಿಂಗ್ ಕೊಟ್ಟು ಸುಮ್ಮನಾಗುತ್ತದೆ. ನನ್ನ ಲೂಪ್ ಅದನ್ನು ತಪ್ಪು ಉತ್ತರ ಅಂದುಕೊಂಡು ಬಿಡದೆ ಕೇಳಿದೆ.

ಸರಿ, ‘ಸಿಐ’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಟೂಲ್ ಓಡುವ ಪರಿಸರ ಅದಕ್ಕೆ ಕೊಡುವ ಹೆಸರು-ಬೆಲೆ ಜೋಡಿ) ಇದ್ದರೆ ಪ್ರಶ್ನೆ ಕೇಳದೆ ಅಳಿಸು ಅಂತ ಒಂದು ಸಾಲು ಸೇರಿಸಿದೆ. ಗಿಟ್‌ಹಬ್ ಆಕ್ಷನ್ಸ್, ಗಿಟ್‌ಲ್ಯಾಬ್, ಸರ್ಕಲ್‌ಸಿಐ ಎಲ್ಲವೂ ಅದಕ್ಕೆ ‘ಟ್ರೂ’ ಅಂತ ಬೆಲೆ ಕೊಡುತ್ತವೆ. ಬಿಲ್ಡ್ ಹಸಿರಾಯಿತು, ನಾನೂ ಮರೆತೆ.

ಕೆಲವು ದಿನದ ಮೇಲೆ ಪಕ್ಕದ ಸೀಟಿನ ಗೆಳೆಯ ಬಂದ. ‘ಗುರೂ, ನಿನ್ ಟೂಲ್ ಒಂದು ಮಾತೂ ಕೇಳ್ಲಿಲ್ಲ, ನನ್ ಲ್ಯಾಪ್‌ಟಾಪಲ್ಲಿದ್ದ ಟೇಬಲ್ಲೆಲ್ಲ ಗುಡಿಸಿಹಾಕ್ತು’ ಅಂದ. ಅವನು ಫ್ರಂಟ್‌ಎಂಡ್ ಹುಡುಗ. ವೆಬ್ ಆ್ಯಪ್ ಕಟ್ಟಲು ಬಳಸುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ ಬಿಲ್ಡ್, ಸಿಐ ಟ್ರೂ ಇದ್ದರೆ ವಾರ್ನಿಂಗ್‌ಗಳನ್ನೂ ಎರರ್ ಮಾಡಿಬಿಡುತ್ತದೆ. ಆ ಕಾಟ ತಪ್ಪಿಸಲು ಬಹಳ ಜನ ಅದಕ್ಕೆ ‘ಫಾಲ್ಸ್’ ಅಂತ ಬರೆಯುತ್ತಾರೆ. ಇವನು ಅದನ್ನು, ಟರ್ಮಿನಲ್ ತೆರೆದಾಗಲೆಲ್ಲ ಓಡುವ ತನ್ನ ಬ್ಯಾಶ್ಆರ್‌ಸಿ ಫೈಲಿಗೇ ಹಾಕಿಟ್ಟಿದ್ದ. ಪೈಥಾನ್‌ಗೆ ‘ಫಾಲ್ಸ್’ ಅಂದರೆ ಐದು ಅಕ್ಷರದ ಸ್ಟ್ರಿಂಗ್ ಅಷ್ಟೇ. ಖಾಲಿ ಅಲ್ಲ, ಆದ್ದರಿಂದ ಸತ್ಯ! ತಪ್ಪು ನೂರಕ್ಕೆ ನೂರು ನನ್ನದೇ. ಕಾಫಿ ಕೊಡಿಸಿ, ಅವನ ಡೇಟಾ ಮತ್ತೆ ತುಂಬಿಕೊಟ್ಟೆ.

ಆಮೇಲೆ ಇನ್ನೊಂದು ತಂಡ ಅಜೂರ್ ಪೈಪ್‌ಲೈನ್ಸ್ ಎಂಬ ಬೇರೆ ಸಿಐ ಸೇವೆಯಲ್ಲಿ ಇದೇ ಟೂಲ್ ಓಡಿಸಿತು. ಅಲ್ಲಿ ಸಿಐ ಎಂಬ ಹೆಸರೇ ಇಲ್ಲ, ‘ಟಿಎಫ್ ಬಿಲ್ಡ್’ ಅಂತ ಬೇರೊಂದು. ಟೀಮ್‌ಸಿಟಿಗೆ ತನ್ನದೇ ವರ್ಷನ್ ವೇರಿಯಬಲ್, ಹಳೆಯ ಜೆಂಕಿನ್ಸ್‌ಗೆ ‘ಜೆಂಕಿನ್ಸ್ ಯುಆರ್‌ಎಲ್’. ನೋಡ್ (ಜಾವಾಸ್ಕ್ರಿಪ್ಟ್) ಜಗತ್ತಿನಲ್ಲಿ ಸಿಐ-ಇನ್ಫೋ ಎಂಬ ಪ್ಯಾಕೇಜ್ ಇಂಥ ಹೆಸರುಗಳ ಉದ್ದ ಪಟ್ಟಿಯನ್ನೇ ಇಟ್ಟುಕೊಂಡಿದೆ. ಸಿಐ ‘ಫಾಲ್ಸ್’ ಅಂತಿದ್ದರೆ ಅದನ್ನು ಗೌರವಿಸುವಷ್ಟು ಬುದ್ಧಿಯೂ ಅದಕ್ಕಿದೆ, ನನಗಿರಲಿಲ್ಲ. ಆ ಪಟ್ಟಿಯನ್ನು ಪೈಥಾನ್‌ಗೆ ಇಳಿಸತೊಡಗಿದೆ. ಅರ್ಧಕ್ಕೆ ಬಂದಾಗ ಟೂಲನ್ನು ಡಾಕರ್‌ನ ಕಂಟೈನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ ಓಡಿಸಬೇಕಾಗಿ ಬಂತು. ಹೊರಗಿನ ವೇರಿಯಬಲ್‌ಗಳು ತಾವಾಗಿ ಕಂಟೈನರ್ ಒಳಗೆ ಬರುವುದಿಲ್ಲ, ಡಾಕರ್ ರನ್‌ಗೆ ಒಂದೊಂದನ್ನೂ ಹೇಳಿಯೇ ಕಳಿಸಬೇಕು. ಪಟ್ಟಿ ಎಷ್ಟು ಉದ್ದವಿದ್ದು ಏನು ಬಂತು?

ಅಲ್ಲಿ ಕೈಬಿಟ್ಟು ಯೋಚಿಸಿದೆ. ನನ್ನ ಟೂಲ್‌ಗೆ ತಾನು ಎಲ್ಲಿದ್ದೇನೆ ಅನ್ನುವುದು ಯಾಕೆ ಬೇಕು? ಎದುರಿಗೆ ಮನುಷ್ಯ ಇದ್ದಾನಾ ಅಂತ ತಿಳಿದರೆ ಸಾಕಲ್ಲ. ಈಗ ಅಳಿಸಬೇಕು ಅಂದರೆ ‘ಯೆಸ್’ ಎಂಬ ಫ್ಲ್ಯಾಗ್ ಕೊಡಲೇಬೇಕು, ಬಿಲ್ಡ್ ಫೈಲಿನಲ್ಲೂ ಸಹ. ಫ್ಲ್ಯಾಗ್ ಇಲ್ಲದಿದ್ದರೆ ಇನ್‌ಪುಟ್ ಟರ್ಮಿನಲ್ ಹೌದಾ ಅಂತ ಈಸ್‌ಎಟಿಟಿವೈ ಮೂಲಕ ನೋಡುತ್ತೇನೆ. ಅಲ್ಲವಾದರೆ ಏನೂ ಮುಟ್ಟದೆ ಎರರ್ ಕೊಟ್ಟು ಹೊರಬರುತ್ತದೆ. ಹಾಗಂತ ಸಿಐ ಪರೀಕ್ಷೆಯನ್ನು ಪೂರ್ತಿ ಕಿತ್ತಿಲ್ಲ. ಬಿಲ್ಡ್‌ಕೈಟ್ ಎಂಬ ಸಿಐ ಸೇವೆ ಮಾಮೂಲಾಗಿ ಒಂದು ಹುಸಿ ಟರ್ಮಿನಲ್ ಹುಟ್ಟಿಸಿ ಅದರೊಳಗೆ ಕೆಲಸ ಓಡಿಸುತ್ತದೆ, ಅಲ್ಲಿ ಮನುಷ್ಯ ಇದ್ದಾನೆ ಅಂತಲೇ ಟೂಲ್ ನಂಬುತ್ತದೆ. ಹಾಗಾಗಿ ಸಿಐ ಇದೆ ಅಂತ ಕಂಡರೆ ಪ್ರಶ್ನೆ ಕೇಳದೆ ಅಲ್ಲೇ ನಿಲ್ಲುತ್ತದೆ. ಗುರುತಿಸುವಿಕೆ ತಪ್ಪಿದರೂ ಅಳಿಸುವ ಕಡೆಗೆ ತಪ್ಪುವುದಿಲ್ಲ.

ಇಷ್ಟಕ್ಕೆಲ್ಲ ಟೆಸ್ಟ್ ಬರೆದೆ. ‘ಸಿಐ ಇಲ್ಲದಾಗ’, ‘ಫಾಲ್ಸ್ ಇದ್ದಾಗ’, ಎಲ್ಲ ಕೇಸೂ ಲ್ಯಾಪ್‌ಟಾಪಿನಲ್ಲಿ ಪಾಸ್. ಪುಶ್ ಮಾಡಿದೆ, ಕೆಂಪು. ಟೆಸ್ಟ್ ಓಡುತ್ತಿದ್ದ ಜಾಗದಲ್ಲೇ ಸಿಐ ಟ್ರೂ ಆಗಿತ್ತಲ್ಲ! ಪ್ರತಿ ಟೆಸ್ಟ್ ಶುರುವಾಗುವ ಮುಂಚೆ ಪೈಟೆಸ್ಟ್ ಎಂಬ ಟೆಸ್ಟ್ ಓಡಿಸುವ ಟೂಲಿನ ಮಂಕಿಪ್ಯಾಚ್ ಸೌಲಭ್ಯದಿಂದ ಆ ಸಿಐ ವೇರಿಯಬಲ್ ಅಳಿಸುವ ಸಾಲು ಹಾಕಿದ ಮೇಲೆ ಹಸಿರಾಯಿತು.